ಕಾಫಿ ಲೋಟದ ಜೊತೆ ಒಂದು ಹಕ್ಕಿ: ಮನೆಯಲ್ಲೇ ಹಕ್ಕಿ ನೋಡಲು ಶುರು ಮಾಡೋದು ಹೇಗೆ?

ಎರಡು ವರ್ಷದ ಹಿಂದೆ ನನಗೆ ಬೆಳಗ್ಗೆ ನಾಲ್ಕೂವರೆಗೇ ಎಚ್ಚರವಾಗಿಬಿಡುತ್ತಿತ್ತು. ಎದ್ದು ಮಾಡುವ ಕೆಲಸವೇನೂ ಇರಲಿಲ್ಲ. ಮಲಗಿದಲ್ಲೇ ಫೋನ್ ಉಜ್ಜುತ್ತಾ, ನಿನ್ನೆ ಯಾರು ಏನಂದರು, ಈ ತಿಂಗಳ ಕಂತು ಹೇಗೆ ಕಟ್ಟೋದು ಅಂತ ಅದನ್ನೇ ಅರೆಯುತ್ತಿದ್ದೆ. ಧ್ಯಾನಕ್ಕೂ ಕೂತು ನೋಡಿದೆ. ಕಣ್ಣು ಮುಚ್ಚಿದ ಕೂಡಲೇ ಒಳಗಿನ ಗಲಾಟೆ ಇನ್ನೂ ಜಾಸ್ತಿಯಾಯಿತು.

ಒಂದು ದಿನ ಸಾಕಾಗಿ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದೆ. ಎದುರಿನ ಮರದ ಒಣ ಕೊಂಬೆಯ ಮೇಲೆ ಗುಬ್ಬಿ ಗಾತ್ರದ ಹಸಿರು ಹಕ್ಕಿಯೊಂದು 'ಟುಕ್ ಟುಕ್ ಟುಕ್' ಅನ್ನುತ್ತಾ ಕೂತಿತ್ತು. ಆ ಸದ್ದು ಹೊಸದಲ್ಲ. ಪಕ್ಕದ ಬೀದಿಯಲ್ಲಿ ಯಾರದೋ ಮನೆಯ ಪಂಪು ಅಂತ ಮೂರು ವರ್ಷದಿಂದ ಬೈದುಕೊಂಡಿದ್ದೆ! ಹಣೆ ಮೇಲೆ ಕುಂಕುಮ ಇಟ್ಟ ಹಾಗೆ ಕೆಂಪು, ಕಣ್ಣಿನ ಸುತ್ತ ಹಳದಿ, ಎದೆ ಮೇಲೆ ಇನ್ನೊಂದು ಕೆಂಪು ಪಟ್ಟಿ. ಕೂಗುವಾಗ ಕೊಕ್ಕನ್ನೇ ತೆರೆಯುವುದಿಲ್ಲ, ಗಂಟಲು ಮಾತ್ರ ಉಬ್ಬುತ್ತದೆ. ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಲೇ ಕೂಗುವುದರಿಂದ, ಸದ್ದು ಒಮ್ಮೆ ಇಲ್ಲಿಂದ, ಒಮ್ಮೆ ಅಲ್ಲಿಂದ ಬಂದ ಹಾಗೆ ಅನ್ನಿಸುತ್ತದೆ. ಕಂಚುಗಾರ ಪಾತ್ರೆ ಬಡಿದ ಹಾಗೆ ಕೂಗುವ ಇದಕ್ಕೆ ಕಂಚುಕುಟಿಗ ಅಂತ ಹೆಸರು ಅನ್ನೋದು ಆಮೇಲೆ ಗೊತ್ತಾಯಿತು. ಒಳಗೆ ಬರುವಾಗ ಕಾಫಿ ಆರಿತ್ತು. ಕಂತಿನ ವಿಷಯ ಅಷ್ಟು ಹೊತ್ತೂ ನೆನಪೇ ಆಗಿರಲಿಲ್ಲ.

ಇದು ನನ್ನೊಬ್ಬಳ ಅನುಭವವೇನಲ್ಲ. ಲಂಡನ್‌ನ ಕಿಂಗ್ಸ್ ಕಾಲೇಜಿನವರು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 1,300 ಜನ ದಿನಕ್ಕೆ ಹಲವು ಸಲ ತಮ್ಮ ಮನಸ್ಸು ಹೇಗಿದೆ ಅಂತ ಮೊಬೈಲ್ ಆ್ಯಪ್‌ನಲ್ಲಿ ಗುರುತು ಹಾಕಿದರು. ಹಕ್ಕಿ ಕಂಡಾಗ ಅಥವಾ ಅದರ ದನಿ ಕೇಳಿದಾಗ ಮನಸ್ಸು ಹಗುರಾಗಿರುತ್ತಿತ್ತು, ಅದರ ಪರಿಣಾಮ ಎಂಟು ಗಂಟೆವರೆಗೂ ಉಳಿಯಬಲ್ಲದು ಅಂತ ಕಂಡುಬಂತು. ಖಿನ್ನತೆ ಇದ್ದವರಲ್ಲೂ ಹೀಗೇ. ನನಗನ್ನಿಸುವುದು ಇಷ್ಟು: ಧ್ಯಾನದಲ್ಲಿ ಮನಸ್ಸನ್ನು ನಾವು ಹಿಡಿದು ಕೂರಿಸಬೇಕು. ಇಲ್ಲಿ ಹಕ್ಕಿಯೇ ಹಿಡಿದುಕೊಳ್ಳುತ್ತದೆ.

ಮೊದಲು ಜಾಗ, ಹೊತ್ತು

ಕಾಡಿಗೆ ಹೋಗಬೇಕಿಲ್ಲ. ಒಂದು ಮರವಾದರೂ ಕಾಣುವ ಕಿಟಕಿ, ತಾರಸಿ, ಹಿತ್ತಿಲು ಯಾವುದಾದರೂ ಸಾಕು. ಬೀದಿಯಲ್ಲಿ ಗಸಗಸೆ ಹಣ್ಣಿನ ಮರ ಇದ್ದರೆ ನೀವು ಅದೃಷ್ಟವಂತರು. ಆ ಪುಟ್ಟ ಕೆಂಪು ಹಣ್ಣಿಗೆ ದಿನವಿಡೀ ಜಾತ್ರೆ. ಕರಿಬೇವಿನ ಮರ ಹಣ್ಣು ಬಿಟ್ಟಾಗ ಕೋಗಿಲೆ, ಪಿಕಳಾರ (ಬುಲ್‌ಬುಲ್) ತಪ್ಪದೆ ಬರುತ್ತವೆ. ದಾಸವಾಳಕ್ಕೆ ಸೂರಕ್ಕಿ (ಸನ್‌ಬರ್ಡ್) ಬರುತ್ತದೆ.

ಸೂರ್ಯ ಹುಟ್ಟಿದ ಮೇಲಿನ ಒಂದೂವರೆ ಗಂಟೆಯೊಳಗೆ ಒಂದು 15 ನಿಮಿಷ ಆರಿಸಿಕೊಳ್ಳಿ. ಬೆಳಗ್ಗೆ ಡಬ್ಬಿ ಕಟ್ಟುವ ಗಡಿಬಿಡಿ ಇದ್ದರೆ ಸಂಜೆ ಐದೂವರೆಯೂ ಆಗುತ್ತದೆ. ಈಗಾಗಲೇ ಇರುವ ಅಭ್ಯಾಸಕ್ಕೆ ಇದನ್ನು ಗಂಟು ಹಾಕಿ. ಕಾಫಿ, ತುಳಸಿಗೆ ನೀರು, ಬಟ್ಟೆ ಒಣಹಾಕೋದು ಏನಾದರೂ ಸರಿ. ಬೇರೆ ಅಲಾರಂ ಇಟ್ಟು ಶುರು ಮಾಡಿದ ಅಭ್ಯಾಸ ನನ್ನ ಕೈಯಲ್ಲಂತೂ ಯಾವತ್ತೂ ಎರಡು ವಾರ ದಾಟಿಲ್ಲ.

ಕಣ್ಣಿಗಿಂತ ಮೊದಲು ಕಿವಿ

ಮೊದಲ ವಾರ ಹಕ್ಕಿ ಹುಡುಕಬೇಡಿ. ಸುಮ್ನೆ ಕೂತು ಕೇಳಿ. ಮೊದಲಿಗೆ ಕಾಗೆ, ಸ್ಕೂಟರ್, ಕುಕ್ಕರ್ ವಿಷಲ್ ಅಷ್ಟೇ ಕೇಳಿಸುತ್ತದೆ. ನಾಲ್ಕೈದು ದಿನ ಕಳೆದರೆ ಅದೇ ಗದ್ದಲ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಹಿರಿಯರೂ ಕಿವಿಯಿಂದಲೇ ಹಕ್ಕಿಗಳಿಗೆ ಹೆಸರಿಟ್ಟವರು, ಅಲ್ವಾ? 'ಕುಟ್ರೂ ಕುಟ್ರೂ' ಅನ್ನೋದು ಕುಟ್ರು ಹಕ್ಕಿ. 'ಟುವ್ವಿ ಟುವ್ವಿ' ಅನ್ನೋದು ಟುವ್ವಿ ಹಕ್ಕಿ. ಹೆಬ್ಬೆರಳಿನಷ್ಟೇ ಇದ್ದರೂ ಅದರ ಗಂಟಲು ಮಾತ್ರ ಬೀದಿಗೆಲ್ಲ ಕೇಳುತ್ತದೆ.

ವಾರಕ್ಕೆ ಒಂದೇ ಹಕ್ಕಿ

ಹೊಸಬರು ಎಡವುವುದು ಇಲ್ಲೇ. ಮೊದಲ ಉತ್ಸಾಹದಲ್ಲಿ ನೂರು ಹೆಸರು ಬಾಯಿಪಾಠ ಮಾಡಲು ಹೊರಡುತ್ತಾರೆ. ಅದು ಇನ್ನೊಂದು ಪರೀಕ್ಷೆ ಆಗುತ್ತದೆ. ಪರೀಕ್ಷೆಗಳು ನಮಗೆ ಈಗಾಗಲೇ ಸಾಕಷ್ಟಿವೆ.

ದಿನಾ ಬರುವ ಒಂದು ಹಕ್ಕಿಯನ್ನು ಹಿಡಿದುಕೊಳ್ಳಿ. ಗೊರವಂಕವೇ ಆಗಲಿ, ಪರವಾಗಿಲ್ಲ. ನೆಲದ ಮೇಲೆ ಕುಪ್ಪಳಿಸುತ್ತದೋ ನಡೆಯುತ್ತದೋ? ಹಾರುವಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ ಕಾಣಿಸಿತಾ? ಒಂಟಿಯಾಗಿ ಬಂತೋ ಜೋಡಿಯೋ? ಪಿಕಳಾರವಾದರೆ ತಲೆಯ ಜುಟ್ಟು, ಬಾಲದ ಬುಡದ ಕೆಂಪು ನೋಡಿ. ಕೋಗಿಲೆಯಾದರೆ ಒಂದು ಸಣ್ಣ ಅಚ್ಚರಿ ಕಾದಿದೆ. 'ಕುಹೂ' ಅಂತ ಹಾಡುವುದು ಕಪ್ಪಗಿರುವ ಗಂಡು. ಹೆಣ್ಣಿನದು ಕಂದು ಮೈ, ತುಂಬಾ ಬಿಳಿ ಚುಕ್ಕಿ. ಅದು 'ಕಿಕ್ ಕಿಕ್ ಕಿಕ್' ಅಂತ ಜಗಳಕ್ಕೆ ಬಂದ ಹಾಗೆ ಕೂಗುತ್ತದೆ. 'ಕೋಗಿಲೆಯಂಥ ಕಂಠ' ಅಂತ ನಾವು ಹೆಣ್ಣುಮಕ್ಕಳನ್ನು ಹೊಗಳುತ್ತಾ ಬಂದಿದ್ದೇವೆ, ನೋಡಿ!

ಒಂದು ಸಾಲು ಬರೆದಿಡಿ

ಮಕ್ಕಳ ಹಳೇ ನೋಟ್‌ಬುಕ್‌ನಲ್ಲಿ ಉಳಿದ ಹಾಳೆಗಳೇ ಸಾಕು. ತಾರೀಕು, ಹೊತ್ತು, ಕಂಡದ್ದು. ನನ್ನ ಪುಸ್ತಕದಲ್ಲಿ ಹೀಗಿದೆ: 'ಫೆಬ್ರುವರಿ 21. ಒಣ ಕೊಂಬೆಯ ಅಡಿಭಾಗದಲ್ಲಿ ತೂತು. ಹಳೇ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಕಂಚುಕುಟಿಗ ಮರದ ಪುಡಿ ಕೊಕ್ಕಿನಲ್ಲಿ ತಂದು ಹೊರಗೆ ಉಗುಳುತ್ತಿದೆ.' 'ಮಾರ್ಚ್ 9. ಮಂಕು. ಏನೂ ನೋಡಲಿಲ್ಲ. ಕಾಗೆ.' ಇಂಥ ಸಾಲೂ ಇರಲಿ, ಕಿತ್ತುಹಾಕಬೇಡಿ. ಎಷ್ಟು ಜಾತಿ ಆಯ್ತು ಅಂತ ಲೆಕ್ಕ ಇಡಲು ಮಾತ್ರ ಹೋಗಬೇಡಿ. ಲೆಕ್ಕ ಶುರುವಾದರೆ ಪಕ್ಕದವರ ಲೆಕ್ಕವೂ ಕಣ್ಣಿಗೆ ಬೀಳುತ್ತದೆ.

ನೀರಿಡಿ, ಕಾಳು ಬೇಡ

ಕಾಳು ಹಾಕಿದರೆ ಪಾರಿವಾಳದ ಹಿಂಡೇ ಇಳಿಯುತ್ತದೆ. ಬೇರೆ ಹಕ್ಕಿಗೆ ಜಾಗವಿರುವುದಿಲ್ಲ. ಅದರ ಹಿಕ್ಕೆಯ ಧೂಳು ನಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಇಂಚಿಗಿಂತ ಕಡಿಮೆ ನೀರಿಡಿ. ಪುಟ್ಟ ಹಕ್ಕಿ ಕೂರಲು ನಡುವೆ ಒಂದು ಕಲ್ಲಿರಲಿ. ದಿನಾ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ತುಂಬಿಸಿ. ಹಾಗೇ ಬಿಟ್ಟರೆ ಸೊಳ್ಳೆ ಮರಿ ಮಾಡುತ್ತದೆ. ಬೆಕ್ಕು ಹೊಂಚು ಹಾಕುವ ಮೂಲೆ ಬೇಡ. ಹಕ್ಕಿ ಬರಲು ವಾರಗಳೇ ಹಿಡಿಯಬಹುದು. ನಮ್ಮ ತಟ್ಟೆಗೆ ಮೊದಲು ಬಂದದ್ದು ಅಳಿಲು.

ಬೈನಾಕ್ಯುಲರ್, ಆ್ಯಪ್

ಮೂರು ತಿಂಗಳು ಬರಿಗಣ್ಣಿನಲ್ಲೇ ನೋಡಿ. ಆಮೇಲೂ ಆಸೆ ಉಳಿದಿದ್ದರೆ 8x42 ಅಂತ ಬರೆದಿರುವುದನ್ನು ಕೊಳ್ಳಿ. ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹತ್ತು ಪಟ್ಟಿನದು ಕೈ ನಡುಗಿದರೆ ನೋಟವನ್ನೂ ಅಷ್ಟೇ ನಡುಗಿಸುತ್ತದೆ. ಒಂದು ಎಚ್ಚರಿಕೆ: ನಾನು ತಂದ ಎರಡನೇ ದಿನವೇ ಎದುರು ಮನೆಯ ಆಂಟಿ ಕಿಟಕಿಗೆ ಪರದೆ ಎಳೆದರು. ಹೋಗಿ, ನಿಮ್ಮ ಮನೆ ಮುಂದಿನ ಮರದಲ್ಲಿ ಗೂಡಿದೆ ಆಂಟಿ ಅಂತ ಅವರ ಕೈಗೇ ಕೊಟ್ಟು ತೋರಿಸಬೇಕಾಯಿತು. ಈಗ 'ಇವತ್ತು ಬಂತೇನಮ್ಮಾ?' ಅಂತ ಅವರೇ ಕೇಳುತ್ತಾರೆ.

ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಅನ್ನುವ ಉಚಿತ ಆ್ಯಪ್ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಸಂಸ್ಥೆಯದು. ಒಳ್ಳೆಯದೇ. ಆದರೆ ಆ 15 ನಿಮಿಷ ಮುಗಿದ ಮೇಲೆ ತೆಗೆಯಿರಿ. ಫೋನ್ ಕೈಗೆ ಬಂದರೆ ಹಕ್ಕಿಯ ಹೆಸರಿನ ಜೊತೆ ಆಫೀಸಿನ ಗ್ರೂಪೂ ತೆರೆದುಕೊಳ್ಳುತ್ತದೆ. ಜೊತೆಗೆ ಜನ ಬೇಕು ಅನ್ನಿಸಿದರೆ, ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನ ಎಲ್ಲ ಕಡೆ ಜನ ಸುತ್ತಲಿನ ಹಕ್ಕಿ ಎಣಿಸುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. ಕೂತಲ್ಲೇ 15 ನಿಮಿಷ ಎಣಿಸಿ ಕಳಿಸಿದರೂ ಆಯಿತು.

ಇಷ್ಟಕ್ಕೇ ಆಗದಿದ್ದರೆ

ಎರಡು ವಾರವಾದರೂ ಮನಸ್ಸು ಏಳುತ್ತಿಲ್ಲ, ನಿದ್ದೆ ಊಟ ಕೆಟ್ಟಿದೆ, ಇಷ್ಟವಾಗುತ್ತಿದ್ದದ್ದೂ ಬೇಡ ಅನ್ನಿಸುತ್ತಿದೆ ಅಂದರೆ ಡಾಕ್ಟರ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನೂ ಆ ವರ್ಷ ಡಾಕ್ಟರನ್ನು ಕಂಡೆ, ಆರು ತಿಂಗಳು ಮಾತ್ರೆ ತಗೊಂಡೆ. ಹಕ್ಕಿ ನೋಡುವುದು ಅದರ ಜೊತೆ ನಡೆಯಿತು, ಅದರ ಬದಲಿಗಲ್ಲ.

ಹೋದ ವಾರ ಬಾಲ್ಕನಿಯಲ್ಲಿ ಕೂತಿದ್ದಾಗ ತೀರ್ಥಹಳ್ಳಿಯಿಂದ ಅಮ್ಮನ ಫೋನ್ ಬಂತು. ಮಾತಿನ ನಡುವೆ ತಡೆದು, "ಏನೇ ಅದು ಹಿಂದೆ ಕೂಗ್ತಿರೋದು? ಕುಟ್ರು ಅಲ್ವನೇ?" ಅಂದಳು.

"ಹೌದಮ್ಮ."

"ಬೆಂಗಳೂರಲ್ಲೂ ಇದ್ಯಾ? ತಡಿ, ಫೋನ್ ಇಡಬೇಡ. ನಮ್ಮದೂ ಈಗ ಕೂಗತ್ತೆ."