ಅಂಟಿಕೊಂಡ ಡ್ರೆಸ್ಸಿಂಗ್ ಬಿಚ್ಚುವ ಮುಂಚೆ

ಮನೆಯವರ ದೊಡ್ಡ ಗಾಯಕ್ಕೆ ನೀವೇ ಡ್ರೆಸ್ಸಿಂಗ್ ಬದಲಿಸುತ್ತಿದ್ದರೆ, ಅಂಟಿಕೊಂಡ ಗಾಜ್ ಬಟ್ಟೆಯನ್ನು ಎಳೆಯಬೇಡಿ. ಅದರ ಮೇಲೆ ನಾರ್ಮಲ್ ಸಲೈನ್ (ಕ್ರಿಮಿರಹಿತ ಉಪ್ಪುನೀರು) ಸುರಿದು ಹತ್ತು ನಿಮಿಷ ಬಿಡಿ. ಆಮೇಲೆ ಅಂಚಿನಿಂದ ನಿಧಾನವಾಗಿ ಮಡಚುತ್ತಾ ಬಿಡಿಸಿ. ಒಣಗಿದ ರಸಿಕೆ ಗೋಂದಿನ ಥರ ಹಿಡಿದಿರುತ್ತದೆ, ಎಳೆದರೆ ಹೊಸದಾಗಿ ಬಂದ ಕೆಂಪು ಮಾಂಸವೂ ಕಿತ್ತು ಬರುತ್ತದೆ. ಸಲೈನ್‌ನಲ್ಲಿ ಉಪ್ಪು ಶೇ 0.9 ಮಾತ್ರ, ಹಾಗಾಗಿ ಜಾಸ್ತಿ ಉರಿಯಲ್ಲ. ಮೆಡಿಕಲ್ ಶಾಪ್‌ನಲ್ಲಿ 100 ಎಂಎಲ್ ಬಾಟಲಿ ಕೇಳಿ. ಸುಮ್ನೆ ದೊಡ್ಡದು ತರಬೇಡಿ, ತೆರೆದ ಬಾಟಲಿಯನ್ನು 24 ಗಂಟೆಗಿಂತ ಜಾಸ್ತಿ ಇಡುವಂತಿಲ್ಲ. ನಮ್ಮ ಬೆಂಗಳೂರಿನ ಟ್ಯಾಂಕರ್ ನೀರಂತೂ ಗಾಯದ ಹತ್ತಿರ ಬೇಡವೇ ಬೇಡ. ಚರ್ಮ ಕಸಿ ಮಾಡಿದ ಜಾಗಕ್ಕೆ ಈ ಉಪಾಯ ನಡೆಯಲ್ಲ, ಅದನ್ನು ಡಾಕ್ಟರೇ ಬಿಚ್ಚಲಿ. ನೆನೆಸಿದರೂ ಬಿಡದಿದ್ದರೆ, ಕೀವು, ಕೆಟ್ಟ ವಾಸನೆ, ಜ್ವರ ಕಂಡರೆ ಅವತ್ತೇ ತೋರಿಸಿ.