ಸೀರೆ ಬೀರು ಹಗುರ ಮಾಡುವುದು

ಬೀರು ಖಾಲಿ ಮಾಡ್ತೀವಿ ಅಂತ ಹೊರಟವರು ಮೊದಲು ಅಂಗಡಿಗೆ ಹೋಗಿ ನಾಲ್ಕು ಪ್ಲಾಸ್ಟಿಕ್ ಡಬ್ಬ ಹೊತ್ತು ತರುತ್ತಾರೆ. ಕಡಿಮೆ ಮಾಡೋಕೂ ಕೊಳ್ಳಬೇಕಾ? ಇನ್ನು ಕೆಲವರು ಇರೋದನ್ನೆಲ್ಲ ಮಂಚದ ಮೇಲೆ ಸುರಿದು, ಮಧ್ಯಾಹ್ನಕ್ಕೆ ಸುಸ್ತಾಗಿ ಹಾಗೇ ವಾಪಸ್ ತುರುಕುತ್ತಾರೆ. ದಿನಕ್ಕೆ ಒಂದು ಖಾನೆ ಸಾಕು.

ದಿನಬಳಕೆಯದಕ್ಕೆ ಹೆಚ್ಚು ಯೋಚನೆ ಬೇಡ. ಎರಡು ಯುಗಾದಿ ಕಳೆದರೂ ಉಡದ ಸೀರೆಯನ್ನು ಇನ್ನು ಉಡೋದಿಲ್ಲ. ಮೆತ್ತಗಾದ ಹತ್ತಿ ಸೀರೆ ಐದಾರು ಸೇರಿದರೆ ಕೌದಿ ಹೊಲಿಸಿ. ಪಾಲಿಸ್ಟರ್ ಸೇರಿಸಬೇಡಿ, ಜಾರುತ್ತೆ, ಬೆವರೂ ಹೀರೋಲ್ಲ.

ರೇಷ್ಮೆಗೆ ಮಾತ್ರ ತಾಳ್ಮೆ ಬೇಕು. ಒಂದೊಂದನ್ನೇ ಬಿಡಿಸಿ, ಮಡಿಕೆಯ ಗೆರೆಯನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ಗೆರೆಯುದ್ದಕ್ಕೂ ಸೂಜಿಮೊನೆಯಂಥ ಬೆಳಕು ಕಂಡರೆ, ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದಾಗ ಪರ್ ಅಂದರೆ, ಅದರ ಕಥೆ ಮುಗಿಯಿತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಎಳೆ ಅಲ್ಲೇ ಮುರಿಯೋದು. ಗಟ್ಟಿಯಿದ್ದರೆ ನೆರಳಲ್ಲಿ ಒಂದು ಗಳಿಗೆ ಗಾಳಿಗೆ ಹಾಕಿ, ಜರಿ ಒಳಗೆ ಬರುವ ಹಾಗೆ, ಹಳೇ ಗೆರೆಯಿಂದ ನಾಲ್ಕು ಬೆರಳು ಸರಿಸಿ ಹೊಸದಾಗಿ ಮಡಿಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ಇಷ್ಟು ಮಾಡೋಕೆ ಎಷ್ಟು ಸೀರೆ ನಿಮ್ಮ ಕೈಲಾಗುತ್ತೋ ಅಷ್ಟೇ ಇಟ್ಟುಕೊಳ್ಳಿ. ಹಿಂದೆ ಟ್ರಂಕಿನಲ್ಲಿ ಹಳೇ ಮಲ್ಲು ಪಂಚೆಯಲ್ಲಿ ಸುತ್ತಿಡುತ್ತಿದ್ದರು, ಈಗಲೂ ಅದೇ ಸರಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಂತು ಜರಿ ಕಪ್ಪಾಗುತ್ತೆ. ನುಸಿಗುಳಿಗೆಯನ್ನು ಬಟ್ಟೆಗೆ ತಾಗಿಸದೆ ಚಿಂದಿಯಲ್ಲಿ ಕಟ್ಟಿ ಮೂಲೆಗಿಡಿ. ಹಾಂ, ತಾಮ್ರದ ಚೊಂಬನ್ನು ಹುಣಸೆಹಣ್ಣಲ್ಲಿ ಉಜ್ಜಿದ ಹುಳಿಗೈಯಲ್ಲೇ ಬಂದು ಜರಿ ಮುಟ್ಟಬೇಡಿ.

ಹರಿದ ರೇಷ್ಮೆಯನ್ನು ಹಳೇ ಬಟ್ಟೆಗೆ ಪಾತ್ರೆ ಕೊಡುವವರ ಕೈಗೆ ಹಾಕಿ ಒಂದು ಪ್ಲಾಸ್ಟಿಕ್ ಬುಟ್ಟಿ ಈಸ್ಕೊಳ್ತಾರಲ್ಲ, ಅದನ್ನು ನೋಡಿದರೆ ಮೈ ಉರಿಯುತ್ತೆ. ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತೆ ಕಣ್ರೀ! ಅಂಚಿನ ತುದಿಯಲ್ಲಿ ಒಂದೆಳೆ ಬಿಡಿಸಿ ಉಗುರಿನಿಂದ ಕೆರೆದು ನೋಡಿ. ಒಳಗೆ ಕೆಂಪು ರೇಷ್ಮೆ ನೂಲು ಕಂಡರೆ ಸಾಮಾನ್ಯವಾಗಿ ಅಸಲಿ, ಬಿಳೀ ನೂಲೋ ಪ್ಲಾಸ್ಟಿಕ್ ಎಳೆಯೋ ಇದ್ದರೆ ನಕಲಿ. ಅಸಲಿಯಾದರೆ ಹಳೇ ಜರಿ ಕೊಳ್ಳುವ ಎರಡು ಮೂರು ಕಡೆ ಕೇಳಿ, ತೂಕ ಹಾಕುವಾಗ ಎದುರಿಗೇ ನಿಂತಿರಿ. ಸೆರಗು ಚೆನ್ನಾಗಿದ್ದರೆ ಅದನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಿ, ಮೊಮ್ಮಗಳ ಲಂಗದ ಅಂಚಿಗಾಗುತ್ತೆ.