ಹಾಜರಿ ಪುಸ್ತಕ ಮತ್ತು ಬಂದೂಕು: ಬಾಗ್ದಾದಿನಲ್ಲಿ ಗುತ್ತಿಗೆ ಕಾವಲುಗಾರರ ಲೆಕ್ಕ ಹಿಡಿದ ನನ್ನ ಅನುಭವ

2007ರ ಮಾರ್ಚಿನಲ್ಲಿ ನಾನು ಕುವೈತಿನಿಂದ ಬಾಗ್ದಾದಿಗೆ ಹೋದಾಗ ನನ್ನ ಪಾಸ್‌ಪೋರ್ಟಿನಲ್ಲಿ ‘ಇರಾಕಿಗೆ ಸಲ್ಲದು’ ಎಂಬ ಮೊಹರು ಇತ್ತು. 2004ರ ಜುಲೈಯಲ್ಲಿ ಮೂವರು ಭಾರತೀಯ ಲಾರಿ ಚಾಲಕರನ್ನು ಅಲ್ಲಿ ಒತ್ತೆಯಾಳುಗಳಾಗಿ ಹಿಡಿದಿಟ್ಟ ಮೇಲೆ ನಮ್ಮ ಸರ್ಕಾರ ಕೆಲಸಕ್ಕಾಗಿ ಇರಾಕಿಗೆ ಹೋಗುವುದನ್ನು ನಿಷೇಧಿಸಿತ್ತು. ನನ್ನನ್ನು ಕಳುಹಿಸಿದ ಕಂಪನಿಗೆ ಆ ಮೊಹರು ಲೆಕ್ಕಕ್ಕೇ ಇರಲಿಲ್ಲ. ಕುಂದಾಪುರದ ಕಡೆಯ ಬಿ.ಕಾಂ. ಹುಡುಗ ನಾನು, ಒಂದೂವರೆ ಪಟ್ಟು ಸಂಬಳ ಎಂದಾಗ ಒಪ್ಪಿಕೊಂಡೆ. ಸರಕು ವಿಮಾನದಲ್ಲಿ ಕೂರಿಸಿ ಕಳುಹಿಸಿದರು. ನಾನು ಅಲ್ಲಿದ್ದೇನೆ ಎಂಬುದು ಭಾರತದ ಯಾವ ಕಚೇರಿಯ ಕಡತದಲ್ಲೂ ಇರಲಿಲ್ಲ. ಅಮ್ಮನಿಗೂ ಕುವೈತಿನಲ್ಲೇ ಇದ್ದೇನೆ ಎಂದು ಹೇಳಿದ್ದೆ.

ನನಗೆ ಸಿಕ್ಕ ಕೆಲಸ ಹಾಜರಿ ಬರೆಯುವುದು. ಅಮೆರಿಕದ ಸೇನೆಯ ಒಂದು ಕ್ಯಾಂಪಿಗೆ ಕಾವಲುಗಾರರನ್ನೂ ಅಡುಗೆಯವರನ್ನೂ ಬಟ್ಟೆ ಒಗೆಯುವವರನ್ನೂ ಒದಗಿಸುವ ಉಪಗುತ್ತಿಗೆ ನಮ್ಮದು. ಸೇನೆ ದೊಡ್ಡ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು, ಅದು ನಮ್ಮ ಕಂಪನಿಗೆ ಕೊಟ್ಟಿತ್ತು, ನಾವು ಕಂಪಾಲಾ, ಕಠ್ಮಂಡು, ಮುಂಬೈಗಳ ಏಜೆಂಟರಿಂದ ಜನರನ್ನು ತರಿಸುತ್ತಿದ್ದೆವು. ಗೋಪುರದ ಮೇಲೆ ಬಂದೂಕು ಹಿಡಿದು ನಿಂತವನಿಗೂ ಅವನ ಸಂಬಳದ ಹಣ ಹೊರಟ ವಾಷಿಂಗ್ಟನ್ನಿಗೂ ನಡುವೆ ನಾಲ್ಕು ಕೈಗಳು. ಪ್ರತಿ ಕೈಯೂ ತನ್ನ ಪಾಲು ತೆಗೆದುಕೊಳ್ಳುತ್ತಿತ್ತು, ಹೊಣೆಯನ್ನು ಮಾತ್ರ ಕೆಳಗಿನ ಕೈಗೆ ದಾಟಿಸುತ್ತಿತ್ತು.

ಎಷ್ಟು ಜನ ಹೀಗಿದ್ದರು? 2008ರ ಆರಂಭದಲ್ಲಿ ಇರಾಕ್ ಮತ್ತು ಸುತ್ತಲಿನ ದೇಶಗಳಲ್ಲಿ ಅಮೆರಿಕದ ಇರಾಕ್ ಯುದ್ಧಕ್ಕಾಗಿ ದುಡಿಯುತ್ತಿದ್ದ ಗುತ್ತಿಗೆ ಸಿಬ್ಬಂದಿ ಕನಿಷ್ಠ 1,90,000 ಎಂದು ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ ಅಂದಾಜು ಮಾಡಿತು. ಹೆಚ್ಚುಕಡಿಮೆ ಸೈನಿಕರಷ್ಟೇ ಸಂಖ್ಯೆ. ಅದು ಅಂದಾಜು ಎಂಬುದನ್ನು ಗಮನಿಸಬೇಕು. ಸೈನಿಕರನ್ನು ಎಣಿಸುತ್ತಾರೆ, ನಮ್ಮನ್ನು ಅಂದಾಜು ಮಾಡುತ್ತಿದ್ದರು. ಆ ಅಂದಾಜಿನ ಅತಿ ಕೆಳಗಿನ ಮೆಟ್ಟಿಲಲ್ಲಿ, ಒಂದು ಕಂಟೇನರ್ ಕೋಣೆಯಲ್ಲಿ, ನೀಲಿ ಬೈಂಡಿನ ಪುಸ್ತಕ ಇಟ್ಟುಕೊಂಡು ನಾನು ಕುಳಿತಿದ್ದೆ.

ಮೊದಲ ಮೂರು ತಿಂಗಳು ಸೂಪರ್‌ವೈಸರ್ ಹೇಳಿದ ಹೆಸರುಗಳಿಗೆ ‘ಹಾಜರು’ ಎಂದು ಬರೆದೆ. ನಾಚಿಕೆಯಿಂದಲೇ ಹೇಳುತ್ತೇನೆ, ಒಂದು ಸಲವೂ ಗೋಪುರದ ಹತ್ತಿರ ಹೋಗಿ ನೋಡಲಿಲ್ಲ. ಆಮೇಲೆ ಒಂದು ದಿನ ಮೆಸ್ಸಿನ ಎಣಿಕೆ ಪುಸ್ತಕ ಕೈಗೆ ಬಂತು. ನಮ್ಮ ಹಾಜರಿಯಲ್ಲಿ 212 ಜನ, ರಾತ್ರಿ ಊಟಕ್ಕೆ ಬಂದವರು 187. ಒಂದು ದಿನವಾದರೆ ಹೊಟ್ಟೆ ಸರಿಯಿಲ್ಲ ಎನ್ನಬಹುದು. ಎರಡು ವಾರ ಹಿಂದಕ್ಕೆ ತಿರುವಿದರೂ ಅದೇ ಇಪ್ಪತ್ತೈದರ ಆಚೀಚೆ. ಮರುಭೂಮಿಯ ಕ್ಯಾಂಪಿನಲ್ಲಿ ಊಟಕ್ಕೆ ಹೋಗಲು ಬೇರೆ ಹೋಟೆಲಿಲ್ಲ.

ಅಲ್ಲಿಂದ ನಾನು ನಾಲ್ಕು ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ತಾಳೆ ನೋಡಲು ಶುರುಮಾಡಿದೆ: ಹಾಜರಿ, ಮೆಸ್ಸು, ಸಂಬಳ, ಶಸ್ತ್ರಾಗಾರ. ಒಂದೊಂದನ್ನೂ ಬೇರೆ ಬೇರೆ ಮನುಷ್ಯ, ಬೇರೆ ಬೇರೆ ಕಾರಣಕ್ಕೆ ಬರೆಯುತ್ತಾನೆ. ಒಬ್ಬ ಸುಳ್ಳು ಬರೆಯಬಹುದು, ನಾಲ್ವರೂ ಮಾತಾಡಿಕೊಂಡು ಒಂದೇ ಸುಳ್ಳನ್ನು ದಿನಾ ತಪ್ಪದೆ ಬರೆಯುವುದು ಬಹಳ ಕಷ್ಟ. ಅದರಲ್ಲೂ ಶಸ್ತ್ರಾಗಾರದ ಪುಸ್ತಕವನ್ನು ನಾನು ಹೆಚ್ಚು ನಂಬುತ್ತೇನೆ. ಬಂದೂಕು ಕಳೆದರೆ ಅದನ್ನು ಕೊಟ್ಟವನ ತಲೆಗೇ ಬರುತ್ತದೆ, ಆದ್ದರಿಂದ ಅವನು ನಂಬರನ್ನು ಸರಿಯಾಗಿ ಬರೆಯುತ್ತಾನೆ.

ಆಗಸ್ಟಿನ ಒಂದು ರಾತ್ರಿಯ ಪುಟ ಈಗಲೂ ಕಣ್ಣಮುಂದಿದೆ. 617ರಲ್ಲಿ ಕೊನೆಯಾಗುವ ನಂಬರಿನ ಎಕೆ-47. ಸಂಜೆ 5:50ಕ್ಕೆ ಕೊಟ್ಟದ್ದು, ಬೆಳಿಗ್ಗೆ 6:05ಕ್ಕೆ ಮರಳಿ ಬಂದದ್ದು, ನಾಲ್ಕನೇ ಗೋಪುರಕ್ಕೆ. ಹೆಸರು ಉಗಾಂಡಾದ ಒಬ್ಬ ಕಾವಲುಗಾರನದು. ಅವನು ಒಂಬತ್ತು ದಿನಗಳಿಂದ ಮೆಸ್ಸಿನಲ್ಲಿ ಊಟ ಮಾಡಿರಲಿಲ್ಲ. ತಂದೆ ತೀರಿಕೊಂಡರೆಂದು ಊರಿಗೆ ಹೋಗಿದ್ದ. ಹಾಗಾದರೆ ಗೋಪುರದಲ್ಲಿ ಯಾರಿದ್ದರು?

ಮರುದಿನ ರಾತ್ರಿ ನೀರಿನ ಬಾಟಲಿ ಕೊಡುವ ನೆಪದಲ್ಲಿ ಏಣಿ ಹತ್ತಿದೆ. ಮೇಲೆ ಕುಳಿತಿದ್ದವನು ಬಟ್ಟೆ ಒಗೆಯುವ ವಿಭಾಗದ ನೇಪಾಳಿ ಹುಡುಗ. ಗುಂಡುನಿರೋಧಕ ಅಂಗಿ ಅವನ ಮೊಣಕಾಲಿನವರೆಗೆ ಇಳಿದಿತ್ತು. ಬಂದೂಕನ್ನು ಮರಳು ಚೀಲಕ್ಕೆ ಒರಗಿಸಿ ಆದಷ್ಟು ದೂರ ಸರಿದು ಕೂತಿದ್ದ. “ಭೈಯಾ, ನನಗೆ ಇದು ಗೊತ್ತಿಲ್ಲ. ಹಗಲು ಬಟ್ಟೆ ಒಗೆದು ರಾತ್ರಿ ಇಲ್ಲಿ ಕೂರು ಎಂದರು,” ಎಂದ, ಹಿಂದಿಯಲ್ಲಿ. ದೊಡ್ಡ ಕಂಪನಿಗೆ ಹೋಗುವ ಬಿಲ್ಲಿನಲ್ಲಿ ಅವನ ಜಾಗದಲ್ಲಿ ‘ತರಬೇತಿ ಪಡೆದ ಸಶಸ್ತ್ರ ಕಾವಲುಗಾರ’ ಎಂದಿತ್ತು. ಆ ರಾತ್ರಿ ಅವನು ಗಾಬರಿಯಲ್ಲಿ ರಸ್ತೆಯ ಕಡೆ ಗುಂಡು ಹಾರಿಸಿ ಯಾರಾದರೂ ಸತ್ತಿದ್ದರೆ, ಕಾಗದದ ಪ್ರಕಾರ ಹಾರಿಸಿದವನು ಕಂಪಾಲಾದಲ್ಲಿ ತಂದೆಯ ಶವದ ಮುಂದಿದ್ದ ಮನುಷ್ಯ.

ಆ ಮೊದಲು ಹೊಣೆಗಾರಿಕೆ ಎಂದರೆ ನ್ಯಾಯಾಲಯ, ತನಿಖೆ ಎಂದುಕೊಂಡಿದ್ದೆ. ಬಂದೂಕು ಯಾರ ಕೈಯಲ್ಲಿದೆ ಎಂಬ ಸಾಲು ಆ ದಿನವೇ ಸರಿಯಾಗಿ ಬೀಳದಿದ್ದರೆ ನ್ಯಾಯಾಲಯದ ಮುಂದೆ ನಿಲ್ಲಿಸಲು ಮನುಷ್ಯನೇ ಸಿಗುವುದಿಲ್ಲ ಎಂದು ಆ ಏಣಿಯ ಮೇಲೆ ಅರ್ಥವಾಯಿತು.

ಪಾಸ್‌ಪೋರ್ಟಿನ ವಿಷಯವನ್ನೂ ಹೇಳಬೇಕು. ಗುತ್ತಿಗೆ ಕಂಪನಿಗಳು ಕಾರ್ಮಿಕರ ಪಾಸ್‌ಪೋರ್ಟುಗಳನ್ನು 2006ರ ಮೇ 1ರೊಳಗೆ ಹಿಂದಿರುಗಿಸಬೇಕೆಂದು ಇರಾಕಿನಲ್ಲಿದ್ದ ಅಮೆರಿಕದ ಸೇನಾ ಮುಖ್ಯಸ್ಥ ಜನರಲ್ ಜಾರ್ಜ್ ಕೇಸಿ ಆದೇಶಿಸಿದ್ದರು. ನಾನು ಹೋದದ್ದು ಅದರ ಮರುವರ್ಷ. ನಮ್ಮ ಕಚೇರಿಯಲ್ಲಿ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಇತ್ತು, ಅದರ ತುಂಬ ಪಾಸ್‌ಪೋರ್ಟುಗಳು, ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದ್ದವು. ತಪಾಸಣೆ ಇದೆ ಎಂದು ಸುದ್ದಿ ಬಂದ ಬೆಳಿಗ್ಗೆ ಹಂಚುತ್ತಿದ್ದರು, ಸಂಜೆ ಮತ್ತೆ ಡಬ್ಬಿಗೆ. ಇದು ಬರೀ ಕಾರ್ಮಿಕರ ಹಕ್ಕಿನ ಮಾತಲ್ಲ. ಏಜೆಂಟನಿಗೆ ಸಾಲ ಮಾಡಿ ಬಂದವನು, ಊರಿಗೆ ಹೋಗುವ ದಾರಿ ಬೇರೆಯವರ ಡಬ್ಬಿಯಲ್ಲಿರುವವನು, ತಾನು ಕಂಡದ್ದನ್ನು ಸಾಕ್ಷಿ ಹೇಳುವುದಿಲ್ಲ.

ಆದ್ದರಿಂದ ಜನರನ್ನು ಮಾತಾಡಿಸುವುದನ್ನು ಕಚೇರಿಯ ಹೊರಗೆ ಇಟ್ಟುಕೊಂಡೆ. ಬಟ್ಟೆ ಒಣಹಾಕುವ ತಂತಿಯ ಹತ್ತಿರ, ಚಹಾದ ಸಾಲಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ. ಮೊದಲು ಗುಂಡು, ಬಂದೂಕು ಎಂದು ಎತ್ತುತ್ತಿರಲಿಲ್ಲ. ಏಜೆಂಟನಿಗೆ ಎಷ್ಟು ಕೊಟ್ಟಿರಿ, ಊರಿನಲ್ಲಿ ಏನು ಹೇಳಿ ಬಂದಿರಿ ಎಂದು ಕೇಳುತ್ತಿದ್ದೆ. ನನ್ನ ಅಮ್ಮನಿಗೂ ಗೊತ್ತಿಲ್ಲ ಎಂದರೆ ಅರ್ಧ ಬಾಗಿಲು ತೆರೆಯುತ್ತಿತ್ತು. ಅದೇ ಪ್ರಶ್ನೆಯನ್ನು ಮೂವರಿಗೆ ಮೂರು ಬೇರೆ ದಿನ ಕೇಳಿ, ಉತ್ತರವನ್ನು ರಾತ್ರಿಯೇ ಬರೆದಿಡುತ್ತಿದ್ದೆ.

2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಬ್ಲ್ಯಾಕ್‌ವಾಟರ್ ಎಂಬ ಅಮೆರಿಕದ ಖಾಸಗಿ ಭದ್ರತಾ ಕಂಪನಿಯ ಕಾವಲುಗಾರರ ಗುಂಡಿಗೆ 17 ಮಂದಿ ನಾಗರಿಕರು ಸತ್ತರು. ಅಂದು ಸಂಜೆ ಕ್ಯಾಂಪಿನ ಇರಾಕಿ ದುಭಾಷಿಗಳು ನಮ್ಮತ್ತ ತಿರುಗಿಯೂ ನೋಡಲಿಲ್ಲ. ಇರಾಕಿನ ಪೊಲೀಸರು ಗುಂಡು ಹಾರಿಸಿದವರನ್ನು ಹಿಡಿಯುವಂತಿರಲಿಲ್ಲ. 2004ರ ಜೂನ್ 27ರಂದು, ಇರಾಕಿಗರಿಗೆ ಅಧಿಕಾರ ಹಸ್ತಾಂತರದ ಹಿಂದಿನ ದಿನ, ಅಲ್ಲಿ ಅಮೆರಿಕದ ಆಡಳಿತಾಧಿಕಾರಿಯಾಗಿದ್ದ ಪಾಲ್ ಬ್ರೆಮರ್ ಸಹಿ ಹಾಕಿದ 17ನೇ ಆದೇಶ ವಿದೇಶಿ ಗುತ್ತಿಗೆದಾರರನ್ನು ಅಲ್ಲಿನ ಕಾನೂನಿನಿಂದ ಹೊರಗಿಟ್ಟಿತ್ತು. ಅಮೆರಿಕದ ಕಾನೂನು ರಕ್ಷಣಾ ಇಲಾಖೆಯ ಗುತ್ತಿಗೆಗಳನ್ನು ಮುಂದಿಟ್ಟುಕೊಂಡು ಬರೆದದ್ದು, ಬ್ಲ್ಯಾಕ್‌ವಾಟರಿನವರು ವಿದೇಶಾಂಗ ಇಲಾಖೆಯ ಗುತ್ತಿಗೆಯವರು. ಅದಾದ ಮೇಲೆ ಆ ಇಲಾಖೆ ಬೆಂಗಾವಲು ವಾಹನಗಳಲ್ಲಿ ಕ್ಯಾಮೆರಾ ಹಾಕಿತು, ಜೊತೆಗೆ ತನ್ನ ಅಧಿಕಾರಿಯನ್ನೂ ಕಳುಹಿಸಿತು. ಮೊದಲ ದಿನದಿಂದಲೇ ಮಾಡಬಹುದಾಗಿದ್ದ ಕೆಲಸ ಅದು.

ಲೆಕ್ಕ ತಪಾಸಣೆಯ ನನ್ನ ಕಸುಬಿನವರು ಆ ಪ್ರಕರಣದಿಂದ ಕಲಿಯಬೇಕಾದದ್ದು ಬೇರೊಂದಿದೆ. ಘಟನೆಯ ಬೆನ್ನಿಗೇ ವಿದೇಶಾಂಗ ಇಲಾಖೆಯ ತನಿಖಾಧಿಕಾರಿಗಳು ಕಾವಲುಗಾರರಿಂದ ಕಡ್ಡಾಯ ಹೇಳಿಕೆ ಪಡೆದರು, ಅದನ್ನು ಅವರ ವಿರುದ್ಧ ಬಳಸುವುದಿಲ್ಲ ಎಂಬ ಭರವಸೆಯ ಮೇಲೆ. ಪ್ರಾಸಿಕ್ಯೂಷನ್ ಆ ಹೇಳಿಕೆಗಳನ್ನು ಬಳಸಿಕೊಂಡಿತೆಂದು 2009ರ ಡಿಸೆಂಬರ್ 31ರಂದು ನ್ಯಾಯಾಧೀಶ ರಿಕಾರ್ಡೊ ಅರ್ಬಿನಾ ಇಡೀ ಮೊಕದ್ದಮೆಯನ್ನೇ ವಜಾ ಮಾಡಿದರು. ಮೇಲ್ಮನವಿಯಲ್ಲಿ ಅದಕ್ಕೆ ಮರುಜೀವ ಬಂದು, ನಾಲ್ವರು ತಪ್ಪಿತಸ್ಥರೆಂದು ತೀರ್ಪಾದದ್ದು 2014ರಲ್ಲಿ. 2020ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ನಾಲ್ವರಿಗೂ ಕ್ಷಮಾದಾನ ಕೊಟ್ಟರು. ಕ್ಷಮಾದಾನ ನನ್ನಂಥವರ ಕೈಯಲ್ಲಿಲ್ಲ. ಮೊದಲ ಹೇಳಿಕೆಯನ್ನು ಯಾರು, ಯಾವ ಷರತ್ತಿನ ಮೇಲೆ ಪಡೆಯುತ್ತಾರೆ ಎಂಬುದು ಸ್ಥಳದಲ್ಲಿರುವವರ ಕೈಯಲ್ಲಿರುತ್ತದೆ. ಆದ್ದರಿಂದ ಗುಂಡು ಹಾರಿದಲ್ಲೆಲ್ಲ ನಾನು ಹೇಳಿಕೆಯನ್ನು ಕೊನೆಗೆ ಇಟ್ಟುಕೊಂಡು ವಸ್ತುಗಳಿಂದ ಆರಂಭಿಸುತ್ತೇನೆ.

2008ರ ಬೇಸಿಗೆಯಲ್ಲಿ ನಮ್ಮ ಮೇಲಿನ ಕಂಪನಿಯ ಬೆಂಗಾವಲು ತಂಡವೊಂದು ‘ಎರಡು ಎಚ್ಚರಿಕೆಯ ಗುಂಡು ಹಾರಿಸಿದೆವು’ ಎಂದು ವರದಿ ಕೊಟ್ಟಿತು. ಶಸ್ತ್ರಾಗಾರದಲ್ಲಿ ಮ್ಯಾಗಜಿನ್‌ಗಳನ್ನು ಬಿಚ್ಚಿ, ಹಸಿರು ಕಂಬಳಿಯ ಮೇಲೆ ಹತ್ತು ಹತ್ತರ ಸಾಲು ಮಾಡಿ ಎಣಿಸಿದೆವು. 23 ಗುಂಡು ಕಡಿಮೆ. ಮೂವರ ಲಿಖಿತ ಹೇಳಿಕೆಗಳಲ್ಲಿ ಒಂದೇ ಪದದ ಕಾಗುಣಿತ ಒಂದೇ ರೀತಿ ತಪ್ಪಾಗಿತ್ತು. ವಾಹನದ ಜಿಪಿಎಸ್ ದಾಖಲೆಯಲ್ಲಿ ಅವರು ಹೇಳಿದ ಜಾಗದಲ್ಲಿ ನಿಂತ ಗುರುತೇ ಇಲ್ಲ. ಕಿತ್ತಳೆ-ಬಿಳಿ ಬಣ್ಣದ ಟ್ಯಾಕ್ಸಿಯೊಂದಕ್ಕೆ ಗುಂಡು ಬಿದ್ದು ಚಾಲಕನ ತೋಳು ಹೋಯಿತೆಂದು ದುಭಾಷಿಯೊಬ್ಬರು ಆಮೇಲೆ ಹೇಳಿದರು.

ಎಣಿಕೆಯ ಹಾಳೆಯನ್ನು ಗುತ್ತಿಗೆ ನೋಡಿಕೊಳ್ಳುವ ಸೇನಾ ಪ್ರತಿನಿಧಿಗೆ ಕೊಟ್ಟೆ. ಯುವ ಲೆಫ್ಟಿನೆಂಟ್, ಒಳ್ಳೆಯ ಮನುಷ್ಯ. ಅವರ ನಿಜವಾದ ಕೆಲಸ ಸಾರಿಗೆ ತುಕಡಿ ನಡೆಸುವುದು, ಗುತ್ತಿಗೆಯ ಮೇಲ್ವಿಚಾರಣೆ ತಲೆಗೆ ಕಟ್ಟಿದ ಹೆಚ್ಚುವರಿ ಹೊರೆ. ಅವರು ಮೇಲಕ್ಕೆ ಬರೆದರು. ಮೂರನೇ ದಿನ ತಂಡದ ನಾಯಕನನ್ನು ವಿಮಾನ ಹತ್ತಿಸಿ ಊರಿಗೆ ಕಳುಹಿಸಲಾಯಿತು, ಕಡತದಲ್ಲಿ ‘ಗುತ್ತಿಗೆ ಮುಕ್ತಾಯ’ ಎಂದಾಯಿತು. ಎರಡು ತಿಂಗಳಿಗೆ ಲೆಫ್ಟಿನೆಂಟರ ಅವಧಿಯೂ ಮುಗಿಯಿತು, ಹೊಸಬರಿಗೆ ಆ ಹಾಳೆಯ ಬಗ್ಗೆ ಗೊತ್ತೇ ಇರಲಿಲ್ಲ. ಆ ಟ್ಯಾಕ್ಸಿ ಚಾಲಕನ ಹೆಸರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗುಂಡು ಎಣಿಸಿದವನು ಗುಂಡು ತಗುಲಿದವನ ಹೆಸರು ಬರೆದುಕೊಳ್ಳಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. ಈಗ ನನ್ನ ಘಟನಾ ನಮೂನೆಯ ಮೊದಲ ಸಾಲೇ ಅದು: ಗಾಯಗೊಂಡವರ ಹೆಸರು, ಮನೆ, ಯಾರು ಹೋಗಿ ಭೇಟಿಯಾದರು.

ಹೀಗೆ ಊರಿಗೆ ಕಳುಹಿಸಿ ಕೈ ತೊಳೆದುಕೊಂಡ ಕಂಪನಿ ಅದೊಂದೇ ಅಲ್ಲ. 2006ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಇರಾಕಿನ ಉಪಾಧ್ಯಕ್ಷರ ಅಂಗರಕ್ಷಕನನ್ನು ಬ್ಲ್ಯಾಕ್‌ವಾಟರ್ ನೌಕರನೊಬ್ಬ ಗುಂಡಿಕ್ಕಿ ಕೊಂದಾಗಲೂ ಆತನನ್ನು ಬೇಗನೆ ದೇಶದಿಂದ ಹೊರಗೆ ಸಾಗಿಸಲಾಯಿತು. ಗುತ್ತಿಗೆದಾರರನ್ನೂ ಸೇನಾ ನ್ಯಾಯಾಲಯಕ್ಕೆ ತರಬಹುದೆಂದು 2006ರಲ್ಲಿ ಅಮೆರಿಕ ಕಾನೂನು ತಿದ್ದಿತು. ಅದರಡಿ 2008ರಲ್ಲಿ ಮೊದಲು ಶಿಕ್ಷೆಯಾದದ್ದು ಬೆಂಗಾವಲಿನ ಬಂದೂಕುಧಾರಿಗಲ್ಲ, ಇನ್ನೊಬ್ಬ ದುಭಾಷಿಗೆ ಚೂರಿ ಹಾಕಿದ ಇರಾಕಿ ಮೂಲದ ಕೆನಡಾದ ದುಭಾಷಿಗೆ.

2014ರಿಂದ ನಾನು ಭದ್ರತಾ ಕಂಪನಿಗಳ ಲೆಕ್ಕಪರಿಶೋಧನೆ ಮಾಡುತ್ತಿದ್ದೇನೆ. ಕಾಗದದ ಮೇಲೆ ಈಗ ಬೇಕಾದಷ್ಟಿದೆ. 2008ರ ಸೆಪ್ಟೆಂಬರಿನಲ್ಲಿ ಯುದ್ಧಭೂಮಿಯ ಖಾಸಗಿ ಭದ್ರತಾ ಕಂಪನಿಗಳ ಬಗ್ಗೆ 17 ದೇಶಗಳು ಒಪ್ಪಿದ ಮಾಂಟ್ರೋ ದಾಖಲೆ, ಆ ಕಂಪನಿಗಳಿಗಾಗಿ 2010ರ ನೀತಿ ಸಂಹಿತೆ, ಅದನ್ನು ನೋಡಿಕೊಳ್ಳಲು 2013ರಲ್ಲಿ ಜಿನೀವಾದಲ್ಲಿ ಆರಂಭವಾದ ಸಂಘ, ಅವುಗಳ ನಿರ್ವಹಣೆಗೆ 2015ರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 18788. ಇವು ಉಪಯುಕ್ತವೇ. ಆದರೆ ಪ್ರಮಾಣಪತ್ರಕ್ಕಾಗಿ ಮಾಡುವ ಪರಿಶೋಧನೆಯ ಶುಲ್ಕವನ್ನು ಕೊಡುವುದು ಪರಿಶೋಧನೆಗೆ ಒಳಗಾಗುವ ಕಂಪನಿಯೇ. ಅವರು ತೋರಿಸಿದ ಕೋಣೆಯಲ್ಲಿ ಕುಳಿತು ಅವರು ತಂದ ಕಡತ ನೋಡಿದರೆ ಎಲ್ಲವೂ ಸರಿಯಾಗಿರುತ್ತದೆ. ನಾನು ಹೇಳದೆ ಬೆಳಗಿನ ನಾಲ್ಕಕ್ಕೆ ಮೆಸ್ಸಿನ ಬಾಗಿಲಿಗೆ ಹೋಗಿ ತಲೆ ಎಣಿಸುತ್ತೇನೆ, ಆಮೇಲೆ ಶಸ್ತ್ರಾಗಾರ, ಆಮೇಲೆ ಕಚೇರಿ. ಈ ಕ್ರಮದಿಂದಾಗಿ ಕೆಲವು ಕಂಪನಿಗಳು ನನ್ನನ್ನು ಎರಡನೇ ಸಲ ಕರೆದಿಲ್ಲ.

ಇರಾಕ್ ಮತ್ತು ಅಫ್ಘಾನಿಸ್ತಾನದ ಗುತ್ತಿಗೆಗಳಲ್ಲಿ ಪೋಲು ಮತ್ತು ವಂಚನೆಗೆ 3,100 ಕೋಟಿಯಿಂದ 6,000 ಕೋಟಿ ಡಾಲರ್ ಹೋಯಿತೆಂದು ಅಮೆರಿಕದ ಯುದ್ಧಕಾಲದ ಗುತ್ತಿಗೆ ಆಯೋಗ 2011ರ ಆಗಸ್ಟಿನಲ್ಲಿ ಹೇಳಿತು. ಆ ಅಂಕಿ ಓದಿದಾಗ ನನಗೆ ನೆನಪಾದದ್ದು ಮೊಣಕಾಲಿನವರೆಗೆ ಇಳಿದ ಆ ಅಂಗಿ.

ಬೈಂದೂರಿನ ಕಡೆಯ ಅಡುಗೆಯವರೊಬ್ಬರು ನಮ್ಮ ಮೆಸ್ಸಿನಲ್ಲಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. 2008ರ ಏಪ್ರಿಲಿನಲ್ಲಿ, ಬಾಗ್ದಾದಿನ ಮೇಲೆ ಮಾರ್ಟರ್ ಬೀಳುತ್ತಿದ್ದ ದಿನಗಳಲ್ಲಿ, ಅವರ ಎಡಗಾಲಿಗೆ ಚೂರುಗಳು ಹೊಕ್ಕವು. ಒಂದು ತಿಂಗಳ ಸಂಬಳ, ಒಂದು ಟಿಕೆಟ್ ಕೊಟ್ಟು ಕಳುಹಿಸಿದರು. ಅಮೆರಿಕದ ಗುತ್ತಿಗೆಯಡಿ ಹೊರದೇಶದಲ್ಲಿ ದುಡಿಯುವ ಯಾವ ದೇಶದವನಿಗೂ ಗಾಯಕ್ಕೆ ಪರಿಹಾರ ಕೊಡಬೇಕೆಂಬ ಕಾನೂನು 1941ರಿಂದ ಇದೆ. ಸಾಮಾನ್ಯವಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎಂಟು ತಿಂಗಳ ಮೇಲೆ ಅವರ ಭಾವಮೈದ ಹೇಗೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದರು. “ಭಾವ ಇರಾಕಿಗೆ ಹೋಗಿಯೇ ಇಲ್ಲ ಎನ್ನುತ್ತಿದ್ದಾರೆ ಕಂಪನಿಯವರು, ಮಾರಾಯರೇ. ಕುವೈತಿನ ವೀಸಾ ಬಿಟ್ಟರೆ ಬೇರೆ ಕಾಗದವೇ ಇಲ್ಲ,” ಎಂದರು.

ನನ್ನಲ್ಲಿ ಕಾಗದವಿತ್ತು. ತಾಳೆ ನೋಡಲೆಂದು ತೆಗೆದಿಟ್ಟ ಮೆಸ್ಸಿನ ಸಿಬ್ಬಂದಿ ಹಾಜರಿಯ ನಕಲು ಹಾಳೆಗಳು, ಗಾಯವಾದ ವಾರದ್ದೂ ಸೇರಿ. ಉಳಿದವರೆಲ್ಲ ಇಂಗ್ಲಿಷಿನಲ್ಲೋ ಹೆಬ್ಬೆಟ್ಟಿನಲ್ಲೋ ಗುರುತು ಹಾಕಿದ್ದರು. ಅಣ್ಣ ಮಾತ್ರ ದಿನಾ ಕನ್ನಡದಲ್ಲಿ ಸಹಿ ಮಾಡಿದ್ದರು, ಕೊನೆಯ ಅಕ್ಷರದ ಬಾಲವನ್ನು ಗೆರೆಯಾಚೆ ಎಳೆದು. ಪರಿಹಾರ ಕೊಡಬೇಕಿದ್ದ ವಿಮಾ ಕಂಪನಿಯ ವಕೀಲರು ಇದು ಯಾವ ಲಿಪಿ, ಇದೇ ಆ ಮನುಷ್ಯನ ಹೆಸರು ಎಂಬುದಕ್ಕೆ ಏನು ಆಧಾರ ಎಂದು ಕೇಳಿದರು. ಅಕ್ಷರ ಅಕ್ಷರ ಬಿಡಿಸಿ ಬರೆದು ಅಫಿಡವಿಟ್ ಸಲ್ಲಿಸಿದೆ. ಎರಡು ವರ್ಷದ ಮೇಲೆ ಹಣ ಬಂತು. ಅಣ್ಣ ಈಗ ಮನೆಯ ಮುಂದೆ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಸಾಲದ ಪುಸ್ತಕವನ್ನು ತಾವೇ ಬರೆಯುತ್ತಾರೆ.